ಬಿಜ್ಜರಗಿ ಮಡ್ಡಿಯ ಸೇವಂತಿಗೆ

ನೋಡಿ, ಹೆಣ್ಣು ತೋರಿಸುವ ವಿದ್ಯೆಯಲ್ಲಿ ಇಡೀ ವಿಜಾಪುರ ಜಿಲ್ಲೆಗೆ ಹೊಸ ಯುಗ ತಂದವನು ನಾನು! ಇದನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ ಊರ ಮುಂದೆ ನಿಲ್ಲಿಸಬೇಕೆಂದಿದ್ದೆ. ನಮ್ಮೂರಲ್ಲಿ ಕಲ್ಲಿಗೇನು ಬರವೇ? ಆದರೆ ಆ ದಿನ ನಡೆದದ್ದನ್ನೆಲ್ಲ ಕಣ್ಣಾರೆ ಕಂಡ ನನ್ನ ಹೆಂಡತಿ ರೇಣುಕವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ಅವಳ ನೆನಪು ಅವಳಿಗಿಂತ ಗಟ್ಟಿಯಾಗಿದೆ. ಹಾಗಾಗಿ ಕಲ್ಲಿನ ವಿಚಾರ ಬಿಟ್ಟು ನಿಮ್ಮ ಮುಂದೆ ಬಾಯಿಬಿಡುತ್ತಿದ್ದೇನೆ.

ಅದು ನಲವತ್ತನಾಲ್ಕನೆಯ ಇಸವಿ. ಯುದ್ಧ ನಡೆದದ್ದು ಎಲ್ಲೋ ಬರ್ಮಾದ ಕಾಡಿನಲ್ಲಿ, ಪೆಟ್ಟು ಬಿದ್ದದ್ದು ವಿಜಾಪುರದ ಅಥಣಿ ರಸ್ತೆಯ ನಮ್ಮ ಮನೆಯ ಸಕ್ಕರೆ ಡಬ್ಬಿಗೆ. ಸಕ್ಕರೆ ರೇಷನ್ನಿಗೆ ಹೋಯಿತು, ಸೀಮೆಎಣ್ಣೆ ರೇಷನ್ನಿಗೆ ಹೋಯಿತು, ಪೆಟ್ರೋಲಂತೂ ಕಣ್ಣಿಗೇ ಬೀಳದಾಯಿತು. ಕಚೇರಿಯ ಗುಮಾಸ್ತನಾದ ನನಗೆ ಪೆಟ್ರೋಲಿನ ಚಿಂತೆ ಇರಲಿಲ್ಲ. ಸಕ್ಕರೆಯ ಚಿಂತೆ ಮಾತ್ರ ನಿದ್ದೆ ಕೆಡಿಸಿತ್ತು. ಸಕ್ಕರೆ ಇಲ್ಲದೆ ಶಿರಾ ಇಲ್ಲ, ಶಿರಾ ಇಲ್ಲದೆ ಹೆಣ್ಣು ತೋರಿಸುವುದು ಹೇಗೆ?

ಹೆಣ್ಣೆಂದರೆ ನನ್ನ ತಂಗಿ ಲಕ್ಕವ್ವ. ಅಪ್ಪ-ಅವ್ವ ತೀರಿದ ಮೇಲೆ ನನ್ನ ಹೆಗಲ ಮೇಲೆ ಬೆಳೆದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಜಾಣೆ, ರೊಟ್ಟಿ ಬಡಿದರೆ ಚಂದ್ರನೇ ನಾಚಬೇಕು! ಅವಳಿಗೊಂದು ಒಳ್ಳೆಯ ಮನೆ ಸಿಗಲೆಂದು ನಾನು ಮೊರೆಯಿಡದ ದೇವರಿಲ್ಲ. ಆದರೂ ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ತಿರುಗಿ ಹೋಗಿದ್ದವು. ಅದಕ್ಕೆ ಕಾರಣ ಲಕ್ಕವ್ವನಲ್ಲ, ನನ್ನ ಬಾಯಿ ಎಂದು ರೇಣುಕವ್ವನ ತೀರ್ಪು. ಒಮ್ಮೆ ಬೀಗರಾಗಬೇಕಾದವರ ಮುಂದೆ, "ನಮ್ಮ ಬಾವಿ ಆದಿಲಶಾಹಿ ಕಾಲದಿಂದ ಬತ್ತಿಲ್ರಿ!" ಎಂದುಬಿಟ್ಟಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದವರು ಬರಿಗೊಡ ಹಿಡಿದುಕೊಂಡು ಬಂದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ಅಂದಿನಿಂದ ನನ್ನ ಹೆಂಡತಿ ಪ್ರತಿದಿನ ಒಲೆಯ ಮುಂದೆ ಕುಳಿತೇ ಹೇಳುತ್ತಾಳೆ.

ಶಿವರಾತ್ರಿ ಮುಗಿದು ಚಳಿ ಶಿವಶಿವಾ ಎಂದು ಹೊರಟುಹೋದ ವಾರ, ನಮ್ಮ ನೆರೆಮನೆಯ ದಾದಾಸಾಬ ಹೊಸ ಸುದ್ದಿ ತಂದ. ದಾದಾಸಾಬ ಬಸ್ ಡ್ರೈವರ್. ಒಂದು ದಿನ ಬಬಲೇಶ್ವರ, ಒಂದು ದಿನ ಟಿಕೋಟಾದ ಮೇಲೆ ಬಿಜ್ಜರಗಿ. ಜಿಲ್ಲೆಯ ವಧು-ವರರ ಸುದ್ದಿಯೆಲ್ಲ ಅವನ ಬಸ್ಸಿನಲ್ಲೇ ಓಡಾಡುತ್ತಿತ್ತು.

"ಅಮರಪ್ಪಾರ, ಬಬಲೇಶ್ವರದ ಹತ್ರ ಜೈನಾಪುರದಾಗ ಒಂದು ಹುಡುಗ ಅದಾನ್ರಿ. ರಾಮಲಿಂಗ ಅಂತ. ಧಾರವಾಡದ ಸಾಲ್ಯಾಗ ಗಿಡಾ-ಬಳ್ಳಿ ಶಾಸ್ತ್ರ ಕಲಸ್ತಾನ, ಈಗ ಸೂಟಿಗೆ ಊರಿಗೆ ಬಂದಾನ. ಹುಡುಗ ಅಂದ್ರ ಬಂಗಾರ. ಆದ್ರ ಒಂದು ಹುಚ್ಚೈತಿ."

"ಏನ್ ಹುಚ್ಚೋ ಮಾರಾಯಾ?"

"ಹೂವಿನ ಹುಚ್ಚು! ಮೊನ್ನಿ ನಡು ಹಾದ್ಯಾಗ ನನ್ನ ಬಸ್ಸು ನಿಲ್ಲಿಸಿ ಇಳದಾನ, ಹಾದಿ ಬದಿ ಕಸಾ ನೋಡಿಕೋಂತ ಕುಂತ ಬಿಟ್ಟಾನ. ಬಸ್ಸಿನ್ಯಾಗಿನ ಮಂದಿ ನನಗ ಬೈದದ್ದ ಬೈದದ್ದು. ಮನಿಯಾಗ ಚಾಪಿ ಮ್ಯಾಲ ಕುಂದ್ರಿಸಿ ಹೆಣ್ಣು ತೋರ್ಸೂದು ಅವಂಗ ಸೇರೂದಿಲ್ಲಂತ. ಹೆಣ್ಣಿನ ತಲಿ ಬಿಟ್ರ ಮತ್ತೇನೂ ಕಾಣ್ಸೂದಿಲ್ಲ ಅಂತಾನ."

"ತಾಯಿ ಹೆಂಗ?"

"ಮುರಿಗೆವ್ವನ? ಖಡಕ್ ರೊಟ್ಟಿ ಅದಾಳ್ರಿ! ಊರೂರು ತಿರುಗಿ ಹೆಣ್ಣು ನೋಡ್ಯಾಳ, ಒಬ್ಬಾಕಿಗೂ ಹೂ ಮುಡಿಸಿಲ್ಲ."

ಹೂ ಮುಡಿಸುವುದು ನಮ್ಮ ಕಡೆ ಸಣ್ಣ ಮಾತಲ್ಲ. ಗಂಡಿನ ತಾಯಿ ಹುಡುಗಿಯ ತುರುಬಿಗೆ ತನ್ನ ಕೈಯಿಂದ ಒಂದು ಹೂವು ಸಿಕ್ಕಿಸಿದಳೆಂದರೆ ಮದುವೆ ನಿಕ್ಕಿ, ಬ್ರಹ್ಮ ಬಂದರೂ ಬಿಡಿಸಲಾರ. ಸಿಕ್ಕಿಸಲಿಲ್ಲವೋ, "ಮನಿಗೆ ಹೋಗಿ ತಿಳಸ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಹಾಗೆ ಹೋದವರು ತಿಳಿಸಿದ್ದನ್ನು ನಾನಂತೂ ಕೇಳಿಲ್ಲ.

ಅಷ್ಟರಲ್ಲಿ ನನ್ನ ತಲೆಯೊಳಗೆ ಮಿಂಚು ಹೊಡೆಯಿತು. ಶಿರಾ ಬೇಡ, ಚಾಪೆ ಬೇಡ, ತಗ್ಗಿಸಿದ ತಲೆ ಬೇಡ! ಟಿಕೋಟಾದಿಂದ ಬಿಜ್ಜರಗಿಗೆ ಹೋಗುವ ದಾರಿಯಲ್ಲಿ ದೊಡ್ಡ ಮಡ್ಡಿ ಇದೆ, ಎತ್ತರದ ಹುಲ್ಲುಗುಡ್ಡ. ವಸಂತ ಕಾಲ! ಗುಡ್ಡದ ತುಂಬ ಕಾಡುಹೂವು! ನಡುವೆ ನಿಂತ ನನ್ನ ತಂಗಿ! ಹೂವಿನ ಹುಚ್ಚಿನ ಹುಡುಗ ಹೂ ನೋಡುತ್ತಾನೋ ಹುಡುಗಿಯನ್ನು ನೋಡುತ್ತಾನೋ, ಎರಡರಲ್ಲಿ ಯಾವುದಕ್ಕೆ ಮರುಳಾದರೂ ಗೆದ್ದವನು ನಾನೇ!

"ರೇಣುಕಾ! ಬಿಜ್ಜರಗಿ ಮಡ್ಡಿ ಮ್ಯಾಲ ನಮ್ಮ ಲಕ್ಕಿಗೆ ಹೂ ಮುಡಸ್ಲಿಲ್ಲಂದ್ರ ನನ್ನ ಹೆಸರು ಅಮರಪ್ಪನ ಅಲ್ಲ!" ಎಂದು ಕೂಗಿದೆ.

"ನೀವು ಆ ಮಡ್ಡಿ ನೋಡೀರೇನು?" ಎಂದಳು ಅವಳು.

ನೋಡಿದ್ದೆ, ಬಸ್ಸಿನ ಕಿಟಕಿಯಿಂದ, ಅರೆನಿದ್ದೆಯಲ್ಲಿ. "ನೋಡೂದೇನೈತಿ? ವಸಂತ ಬಂತಂದ್ರ ಹೂವು ಬರಬೇಕು. ಶಾಸ್ತ್ರದಾಗ ಐತಿ."

"ಯಾವ ಶಾಸ್ತ್ರದಾಗ?"

"ಎಲ್ಲಾ ಶಾಸ್ತ್ರದಾಗ!"

"ನಮ್ಮ ಮಡ್ಡಿ ಆ ಶಾಸ್ತ್ರ ಓದೈತೇನು?"

ಹೆಂಗಸರಿಗೆ ಕಲ್ಪನಾಶಕ್ತಿ ಕಡಿಮೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಗಟ್ಟಿಯಾಗಿ ಹೇಳುವಷ್ಟು ಮೂರ್ಖ ನಾನಲ್ಲ.

ದಾದಾಸಾಬನ ಬಸ್ಸಿನಲ್ಲಿ ಆಮಂತ್ರಣ ಜೈನಾಪುರಕ್ಕೆ ಹೋಯಿತು, ಅಂದು ಸಂಜೆಯೇ ಒಪ್ಪಿಗೆ ಬಂತು. ಮಡ್ಡಿಯ ಹೂವೆಂದು ಕೇಳಿ ಹುಡುಗ ಕುಳಿತಲ್ಲಿಂದ ಎದ್ದು ನಿಂತನಂತೆ. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ! ಆದರೆ ಹೊರಡುವ ಹಿಂದಿನ ಸಂಜೆ ದಾದಾಸಾಬ ಬೀಡಿ ಹಚ್ಚುತ್ತ ಮೆಲ್ಲಗೆ ಕೇಳಿದ.

"ಅಲ್ರೀ ಅಮರಪ್ಪಾರ, ಆ ಮಡ್ಡಿ ಮ್ಯಾಲ ಈಗ ಏನ್ ಹೂವೈತ್ರಿ? ನಾ ಅಲ್ಲೆ ಹಾಯ್ಕೋಂತ ಇರ್ತೀನಿ. ಹುಲ್ಲು, ಕಲ್ಲು, ಆಡು. ಇಷ್ಟ ನೋಡ್ರಿ ಅಲ್ಲಿರೂದು."

ಓಡಿದೆ ಮಾರುಕಟ್ಟೆಗೆ! ಹೂವಿನ ಅಂಗಡಿಯಲ್ಲಿ ಹಳದಿ ಸೇವಂತಿಗೆ ರಾಶಿ ಬಿದ್ದಿತ್ತು. ಒಂದು ಬುಟ್ಟಿ ತುಂಬ ಕೊಂಡೆ. ವಸಂತ ತಾನಾಗಿ ಬಾರದಿದ್ದರೆ ನಾನೇ ತರುತ್ತೇನೆ, ತಪ್ಪೇನು? ಮನೆಯವರ ಕಣ್ಣಿಗೆ ಬೀಳದಂತೆ ಒಯ್ಯುವುದು ಹೇಗೆಂದು ಯೋಚಿಸಿದಾಗ ಬುತ್ತಿಯ ಸಾಲುಡಬ್ಬಿ ಕಾಣಿಸಿತು. ಎಲ್ಲಕ್ಕಿಂತ ದೊಡ್ಡ ಡಬ್ಬಿಯಲ್ಲಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ ಇತ್ತು. ಅದನ್ನು ಒಂದು ಗಡಿಗೆಗೆ ಸುರಿದು, ಡಬ್ಬಿಯನ್ನು ಅಂಗವಸ್ತ್ರದಿಂದ ಒರೆಸಿ, ಸೇವಂತಿಗೆ ತುಂಬಿಟ್ಟೆ.

ಮುಂಜಾನೆ ನಾವು ಮೂವರೂ ದಾದಾಸಾಬನ ಬಸ್ಸು ಹತ್ತಿದೆವು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಗೌರವಕ್ಕೆ ಹೇಳುವ ಮಾತು. ಹಿಂದೆ ಒಲೆಯಂಥ ದೊಡ್ಡ ಉರುಳೆ, ಅದರೊಳಗೆ ಇದ್ದಿಲು, ಮೇಲೆ ಹೊಗೆ. ಟಿಕೋಟಾದ ಈಚಿನ ಏರಿನಲ್ಲಿ ಬಸ್ಸು ಒಮ್ಮೆ ಕೆಮ್ಮಿತು, ಒಮ್ಮೆ ಸೀನಿತು, ಆಮೇಲೆ ನಿಂತೇಬಿಟ್ಟಿತು.

"ಇಳೀರ್ರಿ! ನೂಕ್ರಿ!" ಎಂದ ದಾದಾಸಾಬ.

ನಾನು ಬಿಳಿ ಕೋಟು, ಬಿಳಿ ಧೋತರ, ಕೆಂಪು ರುಮಾಲಿನಲ್ಲಿ ಶೋಭಿಸುತ್ತಿದ್ದೆ. ಮದುವೆ ಮಾತಿಗೆ ಹೊರಟವನು ಬಸ್ಸು ನೂಕುವುದೇ? ಆದರೆ ಲಕ್ಕವ್ವ ಆಗಲೇ ಸೆರಗು ಸಿಕ್ಕಿಸಿ ನೂಕುತ್ತಿದ್ದಳು. ಮಾನಕ್ಕಂಜಿ ನಾನೂ ಕೈ ಹಚ್ಚಿದೆ. ಹಚ್ಚಿದ್ದು ಆ ಒಲೆಯ ಬದಿಗೆ! ಬಸ್ಸು ಗಕ್ಕನೆ ಚಾಲೂ ಆಗಿ ನನ್ನ ಮೈಮೇಲೆ ಒಂದು ಬುಟ್ಟಿ ಮಸಿ ಉಗುಳಿ ಮುಂದೆ ಹೋಯಿತು.

ಟಿಕೋಟಾದಲ್ಲಿ ಜೈನಾಪುರದವರ ಸವಾರಿ ಎತ್ತಿನಗಾಡಿ ನಿಂತಿತ್ತು. ಮುರಿಗೆವ್ವ ಇಳಿದು ಬಂದಳು. ದೊಡ್ಡ ವಿಭೂತಿ, ದೊಡ್ಡ ಧ್ವನಿ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಯಪ್ಪಾ, ನಿಮ್ಮ ಕಚೇರ್ಯಾಗ ಇದ್ದಲಿ ಮಾರ್ತೀರೇನು?"

ಹಿಂದೆ ಕಿಸಕ್ಕೆಂದವಳು ರೇಣುಕವ್ವ. ಲಕ್ಕವ್ವ ತುಟಿ ಕಚ್ಚಿ ನೆಲ ನೋಡಿದಳು. ರಾಮಲಿಂಗ ಎಂಬ ಆ ಹುಡುಗ ಮಾತ್ರ ಯಾರನ್ನೂ ನೋಡಲಿಲ್ಲ. ತೆಳ್ಳಗಿನ ಮೈ, ಮೂಗಿನ ಮೇಲೆ ಕನ್ನಡಕ, ಹೆಗಲಿಗೊಂದು ಚೀಲ. "ಮಡ್ಡಿ ಎಷ್ಟು ದೂರ ಐತ್ರಿ? ಲಗೂ ಹೋಗೂಣಲ್ರಿ?" ಎಂದು ನಿಂತಲ್ಲೇ ಕುಣಿಯುತ್ತಿದ್ದ. ಹೆಣ್ಣು ನೋಡುವ ಅವಸರ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ!

ಗಾಡಿ ಮಡ್ಡಿಯ ಬುಡಕ್ಕೆ ಬಂತು. ಇಳಿದು ತಲೆಯೆತ್ತಿದೆ. ಅಯ್ಯೋ ಶಿವನೇ! ಕಣ್ಣು ಹರಿದಷ್ಟು ದೂರ ಒಣಹುಲ್ಲು. ಬೋಳು ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು ಉಳಿದ ಹಾಗೆ ಮುಳ್ಳಿನ ಕಂಟಿ. ದೂರದಲ್ಲಿ ಬಿಜ್ಜರಗಿಯ ಆಡಿನ ಹಿಂಡು. ದಾದಾಸಾಬ ಹೇಳಿದ್ದು ಒಂದಕ್ಷರ ಸುಳ್ಳಲ್ಲ! ನನ್ನ ಕೈ ತಾನಾಗಿ ಬುತ್ತಿಯ ಡಬ್ಬಿಯನ್ನು ಒತ್ತಿ ಹಿಡಿಯಿತು.

ಹತ್ತು ಹೆಜ್ಜೆ ಏರಿರಲಿಲ್ಲ, ಹಿಂದೆ ಧೊಪ್ಪೆಂದ ಸದ್ದು. ತಿರುಗಿ ನೋಡಿದರೆ ರಾಮಲಿಂಗ ಮೊಣಕಾಲೂರಿ ಬಿದ್ದಿದ್ದ.

"ಬಿದ್ರೇನ್ರಿ?" ಎಂದು ಓಡಿದೆ.

"ಇಲ್ರಿ, ಇಲ್ಲಿ... ಆಹಾಹಾ! ನೋಡ್ರಿಲ್ಲೆ!"

ಅವನು ಮೂಗನ್ನು ನೆಲಕ್ಕೆ ಹಚ್ಚಿದ್ದ. ಪಾಪ, ಬಿದ್ದದ್ದಕ್ಕೆ ನಾಚಿಕೆ, ಅದಕ್ಕೇ ಏನೋ ನೋಡುವ ನಟನೆ ಎಂದು ತಿಳಿದು ರೆಟ್ಟೆ ಹಿಡಿದು ಎಬ್ಬಿಸಿದೆ. "ಅಲ್ಲೇನೈತ್ರಿ, ಬರೇ ಧೂಳ! ಮ್ಯಾಲ ನಡೀರಿ. ಖರೇ ಹೂವು ಮ್ಯಾಲ ಅದಾವ!"

ಅವನು ಮತ್ತೆ ಬಿದ್ದ. ನಾನು ಮತ್ತೆ ಎಬ್ಬಿಸಿದೆ. ಹುಡುಗನಿಗೆ ಮೂರ್ಛೆರೋಗವಿದೆಯೋ ಏನೋ ಎಂಬ ಸಂಶಯ ನನಗೆ ಬರತೊಡಗಿತು!

ಅರ್ಧ ದಾರಿಯಲ್ಲಿ ಒಂದು ಬೇವಿನ ಮರ ಸಿಕ್ಕಿತು. ಎಲ್ಲರನ್ನೂ ನೆರಳಿಗೆ ಕೂರಿಸಿ, ದಾರಿ ನೋಡಿಕೊಂಡು ಬರುತ್ತೇನೆಂದು ಡಬ್ಬಿ ಹಿಡಿದು ಮೇಲೆ ಹೊರಟೆ. ಹೆಂಡತಿ ಬೆನ್ನು ಹತ್ತಿದಳು. ಹಿಂದೆಯೇ ನೀರಿನ ತಂಬಿಗೆ ಹಿಡಿದು ಲಕ್ಕವ್ವ.

"ಚಟ್ನಿ ಡಬ್ಬಿ ಎಲ್ಲಿಗೆ ಒಯ್ತೀರಿ?"

"ಹಾದ್ಯಾಗ ಹಸಿವಾದ್ರ?"

"ಬರೇ ಚಟ್ನಿ ತಿಂತೀರಿ?" ಅವಳು ಡಬ್ಬಿ ಕಸಿದು ತೆರೆದಳು. ಒಳಗೆ ಸೇವಂತಿಗೆ ನಕ್ಕಿತು. ಅವಳು ನಗಲಿಲ್ಲ. "ಸಸ್ಯಶಾಸ್ತ್ರ ಕಲಸೂ ಮಾಸ್ತರನ ಕಿವಿಗೇ ಹೂ ಇಡಾಕ ಹೊಂಟೀರಿ?"

"ಹಗೂರ ಮಾತಾಡ! ಲಕ್ಕಿ ಬಾಳೇದ ಪ್ರಶ್ನಿ ಐತಿ!"

"ಅಣ್ಣಾ, ಬ್ಯಾಡೋ," ಎಂದಳು ಲಕ್ಕವ್ವ. "ಇದ್ದದ್ದು ಇದ್ದಂಗ ಇರ್ಲಿ."

"ಇದ್ದದ್ದೇನೈತಿ ಇಲ್ಲೆ? ಹುಲ್ಲು! ನೀ ಸುಮ್ಮ ಹೋಗಿ ಅವರಿಗೆ ನೀರ ಕೊಡು. ಬಾಕಿದ್ದು ಈ ಅಣ್ಣಗ ಬಿಡು!"

ಡಬ್ಬಿ ಕಸಿದುಕೊಂಡು ಇಬ್ಬರನ್ನೂ ಓಡಿಸಿ ಮೇಲೇರಿದೆ. ಅಲ್ಲೊಂದು ಬಾರಿಕಂಟಿ, ಬೋರೆಹಣ್ಣಿನ ಪೊದೆ, ಮುಳ್ಳಿನ ಮುದ್ದೆ. ಹೂ ಕಟ್ಟಲು ದಾರ ತಂದಿರಲಿಲ್ಲ. ದಂಡಯಾತ್ರೆಗೆ ಹೊರಟ ಸೇನಾಪತಿ ಇಂಥದಕ್ಕೆಲ್ಲ ಹೆದರುತ್ತಾನೆಯೇ? ಧೋತರದ ಅಂಚಿನಿಂದ ಎಳೆ ಕಿತ್ತೆ, ಒಂದು ಹೂ ಕಟ್ಟಿದೆ. ಎಳೆ ಕಿತ್ತೆ, ಕಟ್ಟಿದೆ. ಮುಳ್ಳು ನನ್ನ ಬೆರಳನ್ನು ಚುಚ್ಚಿತು, ನಾನು ಮುಳ್ಳನ್ನು ಬೈದೆ. ಕೊನೆಗೆ ಬಾರಿಕಂಟಿ ಮದುವಣಗಿತ್ತಿಯ ಹಾಗೆ ಹಳದಿ ತುಂಬಿ ನಿಂತಾಗ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಧೋತರ ಮಾತ್ರ ಮೊಣಕಾಲಿನವರೆಗೆ ಜಾಲರಿಯಾಗಿತ್ತು.

ಗೆಲುವಿನಿಂದ ಕೆಳಗಿಳಿದು ಬಂದರೆ, ಏನು ಹೇಳಲಿ! ಬೇವಿನ ಮರದಿಂದ ಆಚೆ, ಒಂದು ಬಂಡೆಯ ಆ ಕಡೆ ರಾಮಲಿಂಗ, ಈ ಕಡೆ ನನ್ನ ತಂಗಿ. ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದಾರೆ. ಅವನ ಭೂತಗನ್ನಡಿ ಅವಳ ಕೈಯಲ್ಲಿದೆ!

"ಮೊನ್ನಿ ಅಡ್ಡಮಳಿ ಒಂದು ಬಂದಿತ್ತಲ್ರಿ, ಅದಕ್ಕ ಎದ್ದಾವ ಇವು," ಎನ್ನುತ್ತಿದ್ದ ಅವನು. ಕಣ್ಣಲ್ಲಿ ಬೆಳಕು. "ನಿಂತು ನೋಡಿದ್ರ ಹುಲ್ಲು, ಕುಂತು ನೋಡಿದ್ರ ತ್ವಾಟ! ಈ ಹಳದೀದು ನೋಡ್ರಿ. ಏನ್ ಪಕಳಿ, ಏನ್ ಬಣ್ಣ!"

"ಇದು ನೆಗ್ಗಿಲ ಮುಳ್ಳಲ್ರಿ?" ಎಂದಳು ಲಕ್ಕವ್ವ. "ಕಾಲಿಗೆ ನಟ್ಟಾಗೆಲ್ಲಾ ಬೈದೀನಿ. ಇದರ ಹೂವು ನೋಡಿದ್ದು ಇವತ್ತ. ಅದೇನ್ರಿ, ಆ ಬಿಳೇದು?"

"ತುಂಬಿ! ತುಂಬಿ ಹೂವು!" ಅವನು ಮೊಣಕಾಲ ಮೇಲೇ ಆ ಕಡೆ ಧಾವಿಸಿದ.

ಮರದ ಕೆಳಗೆ ಮುರಿಗೆವ್ವ ಎಲೆಅಡಿಕೆ ಮೆಲ್ಲುತ್ತ ಅವರನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಮೇಲೆ ನಾನು ಬೆರಳು ಹರಿದುಕೊಂಡು ವಸಂತವನ್ನೇ ಸೃಷ್ಟಿಸಿದ್ದೇನೆ, ಇವರು ಇಲ್ಲಿ ಕಸ ನೋಡುತ್ತಿದ್ದಾರೆ!

"ಲಕ್ಕೀ! ಏಳ ಮ್ಯಾಲೆ! ಹೊಸಾ ಇಳಕಲ್ ಸೀರಿ, ಮಣ್ಣಾಗ ಕುಂತೀಯಲ್ಲ! ಮಾಸ್ತರ್, ನಡೀರ್ರಿ, ನಡೀರಿ! ಖರೇ ಹೂವು ನಿಮ್ಮ ಸಲುವಾಗಿ ಕಾಯಾಕತ್ತಾವ!"

ಹಿಂಡು ಹೊಡೆದ ಹಾಗೆ ಎಲ್ಲರನ್ನೂ ಮೇಲಕ್ಕೆ ಹೊಡೆದೆ. ಬಾರಿಕಂಟಿಯ ಮುಂದೆ ನಿಲ್ಲಿಸಿ ಕೈ ಚಾಚಿದೆ. "ನೋಡ್ರೀ! ಇದಕ್ಕಂತಾರ ಬಿಜ್ಜರಗಿ ಮಡ್ಡಿ ವಸಂತ!"

ರಾಮಲಿಂಗ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಮೆಲ್ಲಗೆ ಹತ್ತಿರ ಹೋಗಿ ಒಂದು ಹೂವಿಗೆ ಮೂಗು ಹಚ್ಚಿದ. ಮುಂದಿನ ಕ್ಷಣ ಮಡ್ಡಿ ನಡುಗುವ ಹಾಗೆ ಸೀನಿದ!

"ಬೆಳ್ಳುಳ್ಳಿ..." ಎಂದ ಕಣ್ಣೊರೆಸುತ್ತ. "ಖಾರ... ಹೂವಿಗೆ ಬೆಳ್ಳುಳ್ಳಿ ವಾಸನಿ ಬರಾಕತ್ತೈತಿ!"

"ನೆಲದ ಗುಣಾರಿ!" ಎಂದೆ ನಾನು. "ನಮ್ಮ ಎರಿ ಮಣ್ಣು ಅಂದ್ರ ಸುಮ್ಮ ಅಲ್ಲ! ಜ್ವಾಳಕ್ಕೂ ಹಿಂಗ ಘಮಾ ಇರ್ತೈತಿ."

ಮುರಿಗೆವ್ವ ಮುಂದೆ ಬಂದು ತಾನೂ ಮೂಸಿದಳು. "ಇದು ಶೇಂಗಾ ಚಟ್ನಿ," ಎಂದಳು. ಅಡುಗೆಮನೆಯಲ್ಲಿ ಆಯುಷ್ಯ ಕಳೆದವಳ ಮುಂದೆ ಮಣ್ಣಿನ ಗುಣ ನಡೆಯಲಿಲ್ಲ. ಮಗನ ಕಡೆ ತಿರುಗಿದಳು. "ರಾಮಲಿಂಗಾ, ಸಾಲಿ ಕಲ್ತಾವ ನೀ. ಹೇಳ, ಈ ಹೂವು ಈ ಕಂಟ್ಯಾಗ ಬೆಳದೈತೇನು?"

ಪಾಪ, ಆ ಹುಡುಗನ ಮುಖ! ಹೌದೆಂದರೆ ಕಲಿತ ವಿದ್ಯೆಗೆ ದ್ರೋಹ, ಇಲ್ಲವೆಂದರೆ ಹೆಣ್ಣಿನ ಅಣ್ಣನಿಗೆ ಅವಮಾನ. ನನ್ನನ್ನು ನೋಡಿದ, ಹೂವನ್ನು ನೋಡಿದ, ನನ್ನ ಜಾಲರಿ ಧೋತರವನ್ನೂ ನೋಡಿದ. ನಾನು ಹುಬ್ಬು ಹಾರಿಸಿ ಸನ್ನೆ ಮಾಡಿದೆ. ಅವನು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದ.

ಆಗ ಲಕ್ಕವ್ವ ಮುಂದೆ ಬಂದಳು.

"ಅವರನ್ನ ಯಾಕ ಕೇಳ್ತೀರಿ ಯವ್ವಾ. ಇದು ನಮ್ಮಣ್ಣ ಕಟ್ಟಿದ್ದರಿ. ಇಜಾಪುರದ ಪ್ಯಾಟಿ ಹೂವು. ನಮ್ಮ ಚಟ್ನಿ ಡಬ್ಬ್ಯಾಗ ಬಂದಾವ. ನಮ್ಮಣ್ಣ ಕೆಟ್ಟಾವ ಅಲ್ರಿ, ನನ್ನ ಮ್ಯಾಲಿನ ಜೀವಕ್ಕ ಹಿಂಗ ಮಾಡ್ಯಾನ. ನೀವು ಬ್ಯಾಡ ಅಂದ್ರೂ ನಡೀತೈತಿ, ಆದ್ರ ಸುಳ್ಳು ಹೂವು ನೋಡಿ ಹೂಂ ಅನಬ್ಯಾಡ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಆಡುಗಳು ಬಿಟ್ಟವು! ದೂರದಲ್ಲಿದ್ದ ಬಿಜ್ಜರಗಿಯ ಹಿಂಡು ಯಾವಾಗ ಬಂತೋ, ನಮ್ಮನ್ನು ನೂಕಿಕೊಂಡು ಕಂಟಿಗೆ ಮುಗಿಬಿತ್ತು. ಹಳದಿ ವಸಂತ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಡಿನ ಹೊಟ್ಟೆ ಸೇರಿತು. ಒಂದು ಗಡ್ಡದ ಹೋತ ಊಟ ಸಾಲದೆ ನನ್ನ ಧೋತರದ ಎಳೆ ಹಿಡಿದು ಜಗ್ಗತೊಡಗಿತು. ಬಿಡಿಸಿಕೊಂಡು ಐವತ್ತು ಮಾರು ಆಚೆ ಓಡಿ ಹುಲ್ಲಿನ ಮೇಲೆ ಕುಸಿದು ಕುಳಿತೆ.

ತಲೆ ಕೈಯಲ್ಲಿ ಹಿಡಿದೆ. ನಗೆಪಾಟಲಾದದ್ದಕ್ಕೆ ದುಃಖವಿರಲಿಲ್ಲ, ಅದು ನನಗೆ ರೂಢಿ. ದುಃಖವಾದದ್ದು ಲಕ್ಕವ್ವನ ಮುಖ ನೆನೆದು. ಬಂಡೆಯ ಹತ್ತಿರ ಕುಳಿತಾಗ ಅವಳ ಮುಖ ಎಷ್ಟು ಅರಳಿತ್ತು! ಕೈಗೆ ಬಂದದ್ದನ್ನು ನಾನೇ ಎಬ್ಬಿಸಿ ಓಡಿಸಿದ್ದೆ. ಕಣ್ಣಲ್ಲಿ ನೀರು ಬಂತು. ಇದ್ದಿಲ ಮಸಿಯ ಮೇಲೆ ಹರಿದ ಆ ನೀರು ನನ್ನ ಮುಖವನ್ನು ಏನು ಮಾಡಿತೋ, ನೋಡಿದವರೇ ಹೇಳಬೇಕು.

ಮುರಿಗೆವ್ವ ಎಲೆಅಡಿಕೆ ಉಗುಳಿ ಸೊಂಟಕ್ಕೆ ಕೈಯಿಟ್ಟಳು.

"ನಾ ಎಷ್ಟೋ ಮನಿ ಹೊಕ್ಕು ಬಂದೀನಿ. ಮಂದಿ ಮನಿ ಬಂಗಾರ ತಂದು ಕೊಳ್ಳಾಗ ಹಾಕಿ ತೋರಿಸ್ಯಾರ. ನೆರಿಮನಿಯಾಕಿ ಮಾಡಿದ ಹೋಳಗಿ ನಮ್ಮ ಹುಡುಗಿ ಮಾಡ್ಯಾಳ ಅಂದಾರ. ಎಲ್ಲಾರೂ ಹೂವು ಕಟ್ಟಿ ತೋರಿಸಿದವರ! ಕಟ್ಟಿದ್ದನ್ನ ಬಿಚ್ಚಿ ಹೇಳಿದ ಹುಡುಗಿ ಇಕಿನ ಮೊದಲು." ಮಗನ ಕಡೆ ನೋಡಿದಳು. "ಏನೋ?"

ರಾಮಲಿಂಗ ಕನ್ನಡಕ ತೆಗೆದ, ಹಾಕಿಕೊಂಡ. "ಅವ್ವಾ, ಅವರಿಗೆ ನೆಗ್ಗಿಲು ಗುರುತು ಐತಿ!" ಎಂದ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಅವನ ಹತ್ತಿರ ಇರಲಾರದು!

"ಹಂಗಾದ್ರ ಹೂ ತರ್ರಿ! ಈಗಿಂದೀಗ ಮುಡಸ್ತೀನಿ."

"ನೀವು ತಂದಿಲ್ಲೇನ್ರಿ ಯವ್ವಾ?" ಎಂದು ರೇಣುಕವ್ವ ಗಾಬರಿಯಾದಳು.

"ಎಲ್ಲೂ ಮುಡಸೂ ಪ್ರಸಂಗ ಬರ್ಲಿಲ್ಲ, ತರೂ ರೂಢಿನ ತಪ್ಪೈತಿ. ನೋಡ್ರಿ, ನಾ ಮನಸು ಮಾಡೂದು ಅಪರೂಪ. ಗಾಡಿ ಹತ್ತಿದ್ನೆಂದ್ರ ಹಾದ್ಯಾಗ ತಿರುಗಿದ್ರೂ ತಿರುಗ್ತೈತಿ. ಲಗೂ ತರ್ರಿ!"

ಎಲ್ಲರೂ ಚದುರಿ ಹೂವಿಗೆ ಬಿದ್ದರು. ರಾಮಲಿಂಗ ಮೊಣಕಾಲ ಮೇಲೆ ಓಡಿದ, ರೇಣುಕವ್ವ ಸೆರಗು ಕಟ್ಟಿ ಬಗ್ಗಿದಳು, ಮುರಿಗೆವ್ವ ಸ್ವತಃ ಹುಲ್ಲು ಕೆದರಿದಳು. ಏನು ಪ್ರಯೋಜನ! ಆಡುಗಳು ಕೆಳಗಿನಿಂದಲೇ ಮೇಯುತ್ತ ಬಂದಿದ್ದವು. ಬಂಡೆಯ ಹತ್ತಿರದ ತುಂಬಿ ಹೂವು ಮಾಯವಾಗಿತ್ತು, ನೆಗ್ಗಿಲು ತುಳಿತಕ್ಕೆ ಸಿಕ್ಕಿತ್ತು. ಮಾಸ್ತರರ ಚೀಲದಲ್ಲಿ ಕಾಗದದ ನಡುವೆ ಒತ್ತಿಟ್ಟ ಹೂಗಳಿದ್ದವು. ಅವನ್ನು ತೆಗೆದರೆ, "ಒಣಾ ಹೂ ಮುಡಿಸಿ ಸೊಸಿ ತರ್ಲೇನೋ ಮಂಗ್ಯಾ?" ಎಂದು ತಾಯಿ ಗದರಿದಳು. ಅವಳ ಕಣ್ಣು ಆಗಲೇ ಗಾಡಿಯ ಕಡೆ ಹೋಗತೊಡಗಿತ್ತು.

ನನಗೆ ಇದಾವುದೂ ಆಗ ಗೊತ್ತಿರಲಿಲ್ಲ, ಆಮೇಲೆ ರೇಣುಕವ್ವ ಹೇಳಿದ್ದು. ತಲೆಯ ಮೇಲೆ ಅಂಗವಸ್ತ್ರ ಹೊದ್ದು ಕುಳಿತಿದ್ದೆ. ಆಡುಗಳು ಬಂದು ಮೂಸಿ ನೋಡಿ, ಮೇಯಲು ಯೋಗ್ಯನಲ್ಲವೆಂದು ಸುತ್ತು ಹಾಕಿ ಹೋಗುತ್ತಿದ್ದವು. ಹತ್ತಿರದಲ್ಲಿ ಯಾರೋ ಬಂದ ಹಾಗಾಯಿತು. ನೋಡಿದರೆ ರಾಮಲಿಂಗ. ನನ್ನ ಬದಿಗೆ ಮೂಗು ನೆಲಕ್ಕೆ ಹಚ್ಚಿದ್ದಾನೆ.

"ಸ್ವಲ್ಪ ಏಳ್ತೀರೇನ್ರಿ?"

ಎದ್ದು ಊರಿಗೆ ನಡೆ ಎನ್ನುತ್ತಿದ್ದಾನೆ! ನನಗೆ ರೋಷ ಉಕ್ಕಿತು. ದೇಶವೆಲ್ಲ ಸತ್ಯಾಗ್ರಹದ ಕಾಲ. ನನ್ನ ತಂಗಿಗಾಗಿ ನಾನು ಇಷ್ಟೂ ಮಾಡಬಾರದೇ?

"ಏಳೂದಿಲ್ರಿ! ತಪ್ಪು ನಂದು, ನನ್ನ ತಂಗೀದಲ್ಲ! ಆಕಿಗೆ ಹೂ ಮುಡಸ್ತೀವಿ ಅಂತ ನೀವು ಅನ್ನೂತನ ಈ ಜಾಗಾ ಬಿಟ್ಟು ಏಳೂದಿಲ್ಲ!"

"ನೀವು ಏಳೂತನ ಮುಡಸಾಕ ಬರೂದಿಲ್ರಿ!"

"ಕೊಲ್ರಿ ನನ್ನ! ಏಳೂದಿಲ್ಲ!"

ಮುರಿಗೆವ್ವನ ಧ್ವನಿ ಮಡ್ಡಿಯನ್ನೇ ಸೀಳಿತು. "ಏಳೋ ಯಪ್ಪಾ! ಹೂವಿನ ಮ್ಯಾಲ ಕುಂತೀದಿ!"

ಹಾರಿ ಎದ್ದೆ! ನಾನು ಕುಳಿತಿದ್ದ ಜಾಗದಲ್ಲಿ, ನನ್ನ ಭಾರಕ್ಕೆ ಸ್ವಲ್ಪ ಬಾಗಿದ ಹುಲ್ಲಿನ ನಡುವೆ, ನೀಲಿ! ಅಂಗೈ ಅಗಲದ ಬಳ್ಳಿಯ ತುಂಬ ಸಣ್ಣ ಸಣ್ಣ ನೀಲಿ ಹೂವು, ಆಕಾಶದ ಚೂರು ಚೂರು. "ವಿಷ್ಣುಕ್ರಾಂತಿ!" ಎಂದು ರಾಮಲಿಂಗ ಕೂಗಿದ ಕೂಗಿಗೆ ಆಡುಗಳು ದಿಕ್ಕಾಪಾಲಾದವು. ನಾನು ಆಗ ನಲವತ್ತರ ಹತ್ತಿರ ಬಂದಿದ್ದೆ, ಅಂಥ ನೀಲಿಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮುರಿಗೆವ್ವ ಒಂದು ಎಳೆ ಬಳ್ಳಿಯನ್ನು ಹೂವಿನ ಸಮೇತ ಚಿವುಟಿದಳು. ಲಕ್ಕವ್ವ ಅಲ್ಲೇ ಹುಲ್ಲಿನ ಮೇಲೆ ಕುಳಿತಳು. ಆ ಖಡಕ್ ಹೆಂಗಸಿನ ಕೈ ಅಷ್ಟು ಮೆತ್ತಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ನೀಲಿ ಬಳ್ಳಿ ತುರುಬಿಗೆ ಸೇರಿತು. ನನ್ನ ತಂಗಿ ತಲೆಯೆತ್ತಿದಳು, ಎಲ್ಲರ ಮುಂದೆ ಧೈರ್ಯವಾಗಿ ನಕ್ಕಳು. ನಾನು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡೆ, ಮುಖದ ಉಳಿದ ಭಾಗವೂ ಕಪ್ಪಾಯಿತು.

ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗುವುದುಂಟೇ? ಗಾಡಿಯ ಕಡೆ ಇಳಿಯುವಾಗ ಎದೆಯುಬ್ಬಿಸಿ ಹೆಂಡತಿಗೆ ಹೇಳಿದೆ. "ನೋಡಿದೇನ? ಮಡ್ಡಿಯಾಗಿನ ಹೂವೆಲ್ಲಾ ಆಡು ತಿಂದ್ರೂ ಆ ಒಂದು ಹೂವು ಉಳೀತು. ಯಾಕ ಉಳೀತು? ನಾ ಅದರ ಮ್ಯಾಲ ಕುಂತಿದ್ದಕ್ಕ ಉಳೀತು!"

ರೇಣುಕವ್ವ ಖಾಲಿ ಚಟ್ನಿ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಖರೇ ಐತ್ರಿ. ನೀವು ಸುಮ್ಮ ಕುಂತದ್ದ ತಡ, ಲಕ್ಕಿಗೆ ಮನಿ ಸಿಕ್ತು. ಮೊದಲ ಕುಂತಿದ್ರ ಹೋದ ವರ್ಷನ ಮದುವಿ ಆಗ್ತಿತ್ತು!"